ಗಿಟಾರಿನಲ್ಲಿ ಎ ಬಿ ಸಿ ಡಿ



ಹಾಡು ಹೇಳಿಕೊಡುತ್ತಿದ್ದ ಮೇಡಂ ವರ್ಗವಾಗಿ ಹೋದ ಮೇಲೆ ನಮ್ಮ ಶಾಲೆಯ ಹಾರ್ಮೋನಿಯಂ ಬೀರುವಿನ ಮೇಲೆ ಸುಮ್ಮನೆ ಕೂತಿದೆ. ವಾರ್ಷಿಕೋತ್ಸವಕ್ಕೆ ಒಂದನೇ ತರಗತಿಯ ಪುಟಾಣಿಗಳು ಎ ಬಿ ಸಿ ಡಿ ಹಾಡು ಹೇಳುತ್ತಾರೆ. ಜೊತೆಗೆ ನುಡಿಸೋರು ಯಾರು? ನಮ್ಮ ಚಿಕ್ಕಪ್ಪ ಬೆಂಗಳೂರಿನಿಂದ ತಂದಿಟ್ಟ ಗಿಟಾರ್ ಯುಗಾದಿವರೆಗೆ ನಮ್ಮ ಮನೆಯಲ್ಲೇ ಇರುತ್ತೆ. ಅದರಲ್ಲಿ ಹಾಡಿನ ಧಾಟಿ, ಅದಕ್ಕೆ ಆಸರೆಯಾಗುವ ಕಾರ್ಡ್, ಎರಡನ್ನೂ ಒಬ್ಬರೇ ನುಡಿಸೋದು ಹೇಗೆ ಅಂತ ನಾನು ಕಲಿತಷ್ಟನ್ನು ಬರೆಯುತ್ತೇನೆ.

ಕಾರ್ಡ್ ಅಂದರೆ ಮೂರು ಸ್ವರ ಒಟ್ಟಿಗೆ ಮೊಳಗುವುದು, ಅಷ್ಟೇ. ಹಾರ್ಮೋನಿಯಂನ ಬಿಳಿ ಮನೆಗಳನ್ನು ನೆನೆಸಿಕೊಳ್ಳಿ. ಸ ಗ ಪ ಸೇರಿದರೆ ಒಂದು ಗುಂಪು, ಮ ದ ಸ ಇನ್ನೊಂದು, ಪ ನಿ ರಿ ಮತ್ತೊಂದು. ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಗಿಟಾರ್ ಪುಸ್ತಕದಲ್ಲಿ ಇವಕ್ಕೇ ಸಿ, ಎಫ್, ಜಿ ಅನ್ನೋದು. ಎಣಿಸಿ ನೋಡಿ, ಏಳು ಸ್ವರವೂ ಈ ಮೂರರೊಳಗೆ ಬಂದುಬಿಟ್ಟವು! ಹಾಡಿನ ಸ್ವರ ಗೊತ್ತಿದ್ದರೆ ಅದು ಯಾವ ಗುಂಪಿನಲ್ಲಿದೆ ಅಂತ ಹುಡುಕಿದರಾಯ್ತು. ಸ ಮತ್ತು ಪ ಎರಡೆರಡು ಗುಂಪಿನಲ್ಲಿವೆ. ಅಲ್ಲಿ ಕಿವಿ ಹೇಳಿದ್ದೇ ಸರಿ.

ಎ ಬಿ ಸಿ ಡಿ ಹಾಡಿಗೂ ಟ್ವಿಂಕಲ್ ಟ್ವಿಂಕಲ್‌ಗೂ ಧಾಟಿ ಒಂದೇ, ಗಮನಿಸಿದ್ದೀರಾ? ಇದು ಫ್ರಾನ್ಸ್ ದೇಶದ ಹಳೇ ಧಾಟಿ. ಮೊಜಾರ್ಟ್ ಇದನ್ನೇ 12 ಬಗೆಯಲ್ಲಿ ಬದಲಾಯಿಸಿ ಬರೆದಿದ್ದಾನೆ. ಸ್ವರ ಹೀಗೆ: ಸ ಸ ಪ ಪ ದ ದ ಪ, ಮ ಮ ಗ ಗ ರಿ ರಿ ಸ.

ಗಿಟಾರಿನ ಆರು ತಂತಿಗಳಲ್ಲಿ ತೆಳ್ಳಗಿನದು 1ನೆಯದು, ದಪ್ಪದ್ದು 6ನೆಯದು. ಎರಡು ಮೆಟ್ಟಿಲ ನಡುವಿನ ಜಾಗಕ್ಕೆ ಮನೆ ಅನ್ನೋಣ. 2ನೇ ತಂತಿಯ 1ನೇ ಮನೆ ಸ, 3ನೇ ಮನೆ ರಿ. 1ನೇ ತಂತಿಯನ್ನು ಒತ್ತದೆ ಮೀಟಿದರೆ ಗ, ಅದರ 1ನೇ ಮನೆ ಮ, 3ನೇದು ಪ, 5ನೇದು ದ. ಧಾಟಿಯೆಲ್ಲ ಈ ಎರಡು ತಂತಿಯಲ್ಲೇ ಮುಗಿಯಿತು. ಆಸರೆಯ ಕೆಲಸ ಬಲಗೈ ಹೆಬ್ಬೆರಳಿಗೆ. ಸ ಗುಂಪಿಗೆ 5ನೇ ತಂತಿಯ 3ನೇ ಮನೆ, ಮ ಗುಂಪಿಗೆ 4ನೇ ತಂತಿಯ 3ನೇ ಮನೆ, ಪ ಗುಂಪಿಗೆ 3ನೇ ತಂತಿ ಒತ್ತದೆ. ದ ದ ಬಂದಾಗ ಮ ಗುಂಪು, ರಿ ರಿ ಬಂದಾಗ ಪ ಗುಂಪು. ಪ್ರತಿ ಜೋಡಿಯ ಮೊದಲ ಸ್ವರದ ಜೊತೆ ಒಂದು ಸಲ ಮೀಟಿದರೆ ಸಾಕು.

ಸಾಲಿನ ಕೊನೆಯ ಸ ಉದ್ದ ಇರುತ್ತಲ್ಲ, ಅಲ್ಲಿ ಪೂರ್ತಿ ಕಾರ್ಡ್ ಹಾಕಿ. ಉಂಗುರ ಬೆರಳು 5ನೇ ತಂತಿಯ 3ನೇ ಮನೆ, ನಡುಬೆರಳು 4ನೇ ತಂತಿಯ 2ನೇ ಮನೆ, ತೋರುಬೆರಳು 2ನೇ ತಂತಿಯ 1ನೇ ಮನೆ. 6ನೇ ತಂತಿ ಮುಟ್ಟಬೇಡಿ. ಹಾಡಿನ ನಡುವಿನ ಸಾಲು ಪ ಪ ಮ ಮ ಗ ಗ ರಿ. ಅದಕ್ಕೆ ಗುಂಪು ನೀವೇ ಹುಡುಕಿ.

ಪುಟಾಣಿಗಳ ಶ್ರುತಿ ಇನ್ನೂ ಮೇಲಿದ್ದರೆ? ಅದಕ್ಕೆ ಕ್ಯಾಪೊ ಅಂತ ಒಂದು ಹಿಡಿಕೆ ಸಿಗುತ್ತೆ. ನನ್ನ ಹತ್ತಿರ ಇಲ್ಲ. 2ನೇ ಮನೆಯ ಮೇಲೆ ಪೆನ್ಸಿಲ್ ಅಡ್ಡ ಇಟ್ಟು ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿದರೂ ಕೆಲಸ ನಡೆಯುತ್ತೆ. ಆಮೇಲೆ ಮನೆಗಳನ್ನು ಪೆನ್ಸಿಲಿನಿಂದ ಎಣಿಸಬೇಕು.

ನಮ್ಮ ಹಾಡುಗಳಿಗೆ ಇದು ಹೊಂದುತ್ತಾ ಅಂತ ಗುರುಗಳು ಕೇಳಬಹುದು. ಎಲ್ಲಕ್ಕೂ ಹೊಂದಲ್ಲ. ಸಂಗೀತ ಪಾಠದ ಮೊದಲ ಗೀತೆಗಳು, ಪುರಂದರದಾಸರವು, ಮಲಹರಿ ರಾಗದಲ್ಲಿವೆ. ಅದರ ರಿ, ದ ಎರಡೂ ಬಿಳಿ ಮನೆಯವಲ್ಲ, ನಮ್ಮ ಮೂರು ಗುಂಪು ಅಲ್ಲಿ ಕರ್ಕಶ. ತಂಬೂರಿಯ ಹಾಗೆ ಬರೀ ಸ ಪ ಮೀಟೋದು ವಾಸಿ. ಆದರೆ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಧಾಟಿಗಳನ್ನು ಕೇಳಿ ಅವಕ್ಕೆ ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದ್ದರು. ಆ ನೊಟ್ಟುಸ್ವರಗಳು ಶಂಕರಾಭರಣದವು, ಎಲ್ಲಾ ಬಿಳಿ ಮನೆಯವೇ. ಅವಕ್ಕೆ ಈ ಕಾರ್ಡುಗಳು ಚೆನ್ನಾಗಿ ಕೂರುತ್ತವೆ.

ಮೊದಲ ವಾರ ಬೆರಳ ತುದಿ ಉರಿಯುತ್ತೆ, ಆಮೇಲೆ ಗಟ್ಟಿಯಾಗುತ್ತೆ. ಕಲಿಯೋ ಆಸೆ ಇರೋರು ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬನ್ನಿ. ಎಡಗೈ ಉಗುರು ಕತ್ತರಿಸಿಕೊಂಡೇ ಬನ್ನಿ, ಬಲಗೈದು ಸ್ವಲ್ಪ ಇರಲಿ.