ಮಳೆ ಹಿಡಿಯುವ ಮೊದಲು ಗಾಡಿಯ ವೈಪರ್ ನೋಡಿ

ಕಳೆದ ವರ್ಷ ಪುನರ್ವಸು ಮಳೆಯ ಒಂದು ರಾತ್ರಿ ಜಯಪುರದ ಆಚೆಯಿಂದ ಫೋನ್ ಬಂತು. "ಡಾಕ್ಟ್ರೇ, ಹಸು ಸಂಜೆಯಿಂದ ತಿಣುಕ್ತಾ ಇದೆ. ಕರುವಿನ ಒಂದು ಕಾಲು ಮಾತ್ರ ಕಾಣ್ತಿದೆ, ಬೇಗ ಬನ್ನಿ." ಕೊಪ್ಪದಿಂದ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಜೀಪಿನ ವೈಪರ್ ರಬ್ಬರ್ ಕಿತ್ತು ನೇತಾಡತೊಡಗಿತು. ಎದುರಿನಿಂದ ಲಾರಿ ಬೆಳಕು ಬಿದ್ದರೆ ರಸ್ತೆ ಯಾವುದು, ಚರಂಡಿ ಯಾವುದು ತಿಳಿಯುತ್ತಿರಲಿಲ್ಲ. ನಾಲ್ಕು ಕಡೆ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಹೋದೆ. ಮುಟ್ಟುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ಒಳಗೆ ಮಡಚಿಕೊಂಡಿದ್ದ ಕಾಲನ್ನು ಸರಿಪಡಿಸಿ ಕರು ತೆಗೆದೆವು. ಹಸು ಉಳಿಯಿತು, ಕರು ಉಳಿಯಲಿಲ್ಲ.

ಬೇಗ ಹೋಗಿದ್ದರೆ ಬದುಕುತ್ತಿತ್ತು ಎಂದು ಖಚಿತವಾಗಿ ಹೇಳಲಾರೆ. ಆದರೆ ಆ ರಬ್ಬರ್ ಬೇಸಿಗೆಯಲ್ಲೇ ಸೀಳಿದ್ದನ್ನು ನಾನು ಕಂಡಿದ್ದೆ. ನಾಳೆ ನೋಡೋಣ ಎಂದು ಬಿಟ್ಟಿದ್ದೆ. ತಪ್ಪು ನನ್ನದೇ.

ನಮಗೂ ವೈಪರ್‌ಗೂ ಏನು ಸಂಬಂಧ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಪಶು ಆಹಾರದ ಚೀಲ, ಹುಲ್ಲು ಎಲ್ಲವೂ ಪಿಕಪ್ ಗಾಡಿಯಲ್ಲೇ ಬರಬೇಕು, ಹೋಗಬೇಕು. ಕರೆದ ಹಾಲು ಬೆಚ್ಚಗಿದ್ದಷ್ಟು ಹೊತ್ತು ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತವೆ. ಶೀತಲೀಕರಣ ಘಟಕ ಸೇರಿ 4 ಡಿಗ್ರಿಗೆ ಇಳಿದರೆ ಮಾತ್ರ ಅದು ಕೆಡದೆ ಉಳಿಯುವುದು. ಎದುರು ಕಾಣದೆ ಗಾಡಿ ರಸ್ತೆ ಬದಿಯಲ್ಲಿ ನಿಂತರೆ ನಷ್ಟ ನಮ್ಮದೇ. ಕಾಣದಿದ್ದರೂ ನುಗ್ಗಿಸಿದರೆ ನಷ್ಟ ಇನ್ನೂ ದೊಡ್ಡದು. ಗಾಡಿಯಲ್ಲಿ ಇರುವವರು ನಮ್ಮ ಮನೆಯವರೇ ಅಲ್ಲವೇ?

ಇನ್ನೊಂದು ಮಾತು. ಇದು ಗಂಡಸರ ಕೆಲಸ ಎನ್ನಬೇಡಿ. ಒಳಗೆ ಕುಳಿತೇ ಗಾಜು ಒರೆಸುವ ಸಾಧನಕ್ಕೆ 1903ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ಮೇರಿ ಆಂಡರ್ಸನ್ ಎಂಬ ಮಹಿಳೆ. ಅದಕ್ಕೂ ರಬ್ಬರ್ ಪಟ್ಟಿಯೇ ಇತ್ತು.

ರಬ್ಬರ್ ಏಕೆ ಕೆಡುತ್ತದೆ?

ಹಾಲು ಕರೆಯುವ ಯಂತ್ರ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಅದರ ರಬ್ಬರ್ ಲೈನರ್ ನೋಡಲು ಚೆನ್ನಾಗಿದ್ದರೂ ಕಾಲ ಕಳೆದಂತೆ ಬಿರುಕು ಬಿಡುತ್ತದೆ. ವೈಪರ್ ಕಥೆಯೂ ಅಷ್ಟೇ. ಮಳೆಗಿಂತ ಮಾರ್ಚ್, ಏಪ್ರಿಲ್ ಬಿಸಿಲೇ ಅದನ್ನು ಹೆಚ್ಚು ಕೆಡಿಸುವುದು. ರಸ್ತೆಯ ಕೆಂಧೂಳು ಅಂಚನ್ನು ಸವೆಸುತ್ತದೆ. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವಾಗ ಹತ್ತಿರ ನಿಂತ ಗಾಡಿಯ ಗಾಜಿನ ಮೇಲೆ ಮೈಲುತುತ್ತ, ಸುಣ್ಣದ ಕಲೆ ಕೂರುತ್ತದೆ. ಅದರ ಮೇಲೆ ಒಣ ವೈಪರ್ ಓಡಿಸಿದರೆ ರಬ್ಬರ್ ಹಾಳು, ಗಾಜಿಗೂ ಗೀರು.

ಪರೀಕ್ಷೆ ಹೇಗೆ?

ಗಾಜಿನ ಮೇಲೆ ನೀರು ಹಾಕಿ ವೈಪರ್ ಓಡಿಸಿ.

• ಗೆರೆ ಗೆರೆ ನೀರು ಉಳಿದರೆ: ರಬ್ಬರ್ ಅಂಚು ಸೀಳಿದೆ ಅಥವಾ ಕೊಳೆ ಕೂತಿದೆ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಗೆರೆ ಹೋಗದಿದ್ದರೆ ಬದಲಿಸಿ.
• ಕಿರ್ ಎಂದು ಕುಪ್ಪಳಿಸಿದರೆ: ರಬ್ಬರ್ ಗಟ್ಟಿಯಾಗಿರಬಹುದು, ಇಲ್ಲವೇ ಗಾಜಿನ ಮೇಲೆ ಎಣ್ಣೆ ಜಿಡ್ಡು ಇರಬಹುದು.
• ನಡುವೆ ಒಂದು ಕಡೆ ಒರೆಸದೆ ಬಿಟ್ಟರೆ: ತೋಳು ಬಾಗಿದೆ ಅಥವಾ ಅದರ ಸ್ಪ್ರಿಂಗ್ ಸಡಿಲವಾಗಿದೆ. ಮೆಕ್ಯಾನಿಕ್‌ಗೆ ತೋರಿಸಿ.

ರಬ್ಬರ್ ಒರೆಸಲು ಸೀಮೆಎಣ್ಣೆ, ಡೀಸೆಲ್ ಬೇಡ. ಅದರಿಂದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಬದಲಿಸುವುದು ಹೇಗೆ?

1. ಎರಡೂ ಬ್ಲೇಡಿನ ಉದ್ದ ಅಳೆಯಿರಿ. ಎಷ್ಟೋ ಗಾಡಿಗಳಲ್ಲಿ ಎಡ, ಬಲ ಒಂದೇ ಅಳತೆ ಇರುವುದಿಲ್ಲ. ಹಳೆಯದನ್ನೇ ಅಂಗಡಿಗೆ ಒಯ್ದರೆ ಇನ್ನೂ ಒಳ್ಳೆಯದು.
2. ಗಾಡಿ ಆಫ್ ಮಾಡಿ, ಕೀ ತೆಗೆದು ಕೈಯಲ್ಲಿಟ್ಟುಕೊಳ್ಳಿ.
3. ತೋಳನ್ನು ಎತ್ತಿ ನಿಲ್ಲಿಸಿ. ಕೆಳಗೆ ಗಾಜಿನ ಮೇಲೆ ಮಡಚಿದ ಗೋಣಿಚೀಲ ಹಾಸಿ. ಬರಿ ತೋಳು ಜಾರಿ ಬಡಿದರೆ ಗಾಜು ಒಡೆಯುತ್ತದೆ.
4. ಬ್ಲೇಡಿನ ನಡುವಿನ ಕ್ಲಿಪ್ ಒತ್ತಿ, ತೋಳಿನ ಕೊಕ್ಕೆಯಿಂದ ಕೆಳಮುಖವಾಗಿ ಜಾರಿಸಿ ತೆಗೆಯಿರಿ.
5. ಹೊಸದನ್ನು ಅದೇ ಕೊಕ್ಕೆಗೆ ಟಕ್ ಎನ್ನುವವರೆಗೆ ಎಳೆದು ಕೂರಿಸಿ. ತೋಳನ್ನು ಮೆಲ್ಲಗೆ ಇಳಿಸಿ, ನೀರು ಹಾಕಿ ಓಡಿಸಿ ನೋಡಿ.

ಕೊಕ್ಕೆಯ ಮಾದರಿ ಬೇರೆ ಇದ್ದರೆ ಅಂಗಡಿಯವರಿಂದಲೇ ಹಾಕಿಸಿ. ಒಂದು ಜೊತೆ ಸಾಧಾರಣ ಬ್ಲೇಡಿಗೆ ಒಂದು ಚೀಲ ಪಶು ಆಹಾರದಷ್ಟೂ ಖರ್ಚಿಲ್ಲ.

ದಿನದ ಆರೈಕೆ

ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ಬ್ಲೇಡಿನ ಅಡಿ ಸಿಕ್ಕಿದ ತರಗೆಲೆ ತೆಗೆಯಿರಿ. ವಾರಕ್ಕೊಮ್ಮೆ ಗಾಜು, ರಬ್ಬರ್ ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಗಾಜಿಗೆ ನೀರು ಚಿಮ್ಮಿಸುವ ಡಬ್ಬಿ ತುಂಬಿಡಿ. ಔಷಧಿ ಹೊಡೆಯುವ ದಿನ ಗಾಡಿ ದೂರ ನಿಲ್ಲಿಸಿ. ಒದ್ದೆ ಗೊರಬು, ಕೊಡೆ, ಗೋಣಿಯನ್ನು ಮುಂದೆ ಚಾಲಕರ ಬಳಿ ಇಡಬೇಡಿ. ಅದರಿಂದ ಗಾಜಿನ ಒಳಗೆ ಮಂಜು ಹಿಡಿಯುತ್ತದೆ, ವೈಪರ್ ಎಷ್ಟು ಓಡಿದರೂ ಅದು ಹೋಗದು.

ರೋಹಿಣಿ ಮಳೆ ಮುಗಿಯುವುದರೊಳಗೆ ಪ್ರತಿ ವರ್ಷ ಒಮ್ಮೆ ಹೊಸ ಬ್ಲೇಡ್ ಹಾಕಿಸಿ. ಮನೆಯಲ್ಲಿ ಗಾಡಿ ಇಲ್ಲದವರೂ ಮೇ ತಿಂಗಳ ಸಂಘದ ಸಭೆಯಲ್ಲಿ ಕೇಳಿ: "ಹಾಲು ಒಯ್ಯುವ ಗಾಡಿಯ ವೈಪರ್ ಬದಲಿಸಿದ್ದೀರಾ?" ನಾನು ಬಂದಾಗ ನನ್ನ ಜೀಪನ್ನೂ ನೋಡಿ. ರಬ್ಬರ್ ಸೀಳಿದ್ದರೆ ಸಂಕೋಚವಿಲ್ಲದೆ ಹೇಳಿ.