ಉಕ್ಕಿನ ಸಲಾಕೆಯ ಗಿಟಾರು ಮತ್ತು ಅದರ ಧ್ವನಿಮುದ್ರಣ

ಸ್ಟೀಲ್ ಗಿಟಾರು ಎಂಬ ಹೆಸರನ್ನು ಕೇಳಿದವರು ಅದು ಉಕ್ಕಿನಿಂದ ಮಾಡಿದ ವಾದ್ಯವೆಂದು ಭಾವಿಸುವುದುಂಟು. ಹಾಗಲ್ಲ, ಉಕ್ಕು ಇರುವುದು ವಾದಕನ ಎಡಗೈಯಲ್ಲಿ. ಗಿಟಾರನ್ನು ತೊಡೆಯ ಮೇಲೋ ಕಾಲುಗಳುಳ್ಳ ಚೌಕಟ್ಟಿನ ಮೇಲೋ ಅಂಗಾತ ಇರಿಸಿ, ಬಲಗೈಯಿಂದ ತಂತಿಯನ್ನು ಮೀಟುತ್ತ, ಎಡಗೈಯ ನುಣುಪಾದ ಉಕ್ಕಿನ ಸಲಾಕೆಯನ್ನು ತಂತಿಗಳ ಮೇಲೆ ಜಾರಿಸುವುದರಿಂದ ಈ ಹೆಸರು ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹವಾಯಿ ದ್ವೀಪಗಳಲ್ಲಿ ಈ ವಾದನಕ್ರಮ ಬೆಳೆಯಿತು. ಇದನ್ನು ರೂಢಿಗೆ ತಂದ ಕೀರ್ತಿ ಜೋಸೆಫ್ ಕೆಕುಕು ಎಂಬಾತನಿಗೆ ಸಲ್ಲುತ್ತದೆ. ೧೯೩೨ರಲ್ಲಿ ಅಮೆರಿಕದಲ್ಲಿ ರಿಕನ್‌ಬ್ಯಾಕರ್ ಗಿಟಾರು ಮಾರಾಟಕ್ಕೆ ಬಂದಿತು. ಆಕಾರದಿಂದಾಗಿ ‘ಬಾಣಲೆ’ ಎಂದು ಹೆಸರಾದ ಆ ವಿದ್ಯುತ್ ಗಿಟಾರು ಈ ಜಾತಿಯದೇ ಆಗಿತ್ತು.

ಭಾರತಕ್ಕೂ ಈ ವಾದ್ಯ ಹೊಸದಲ್ಲ. ಹವಾಯಿಯ ಟಾವ್ ಮೋ ಕುಟುಂಬವು ೧೯೪೦ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿತ್ತು. ವ್ಯಾನ್ ಶಿಪ್ಲಿಯವರು ಈ ಗಿಟಾರಿನಲ್ಲಿ ನುಡಿಸಿದ ಚಲನಚಿತ್ರ ಗೀತೆಗಳ ಧಾಟಿಗಳನ್ನು ಹಳೆಯ ಶ್ರೋತೃಗಳು ಮರೆತಿರಲಾರರು. ಬ್ರಿಜ್ ಭೂಷಣ್ ಕಾಬ್ರಾ ಅವರು ಹಿಂದೂಸ್ತಾನಿ ರಾಗಗಳನ್ನೇ ಇದರ ಮೇಲೆ ವಿಸ್ತರಿಸಿ ತೋರಿಸಿದರು. ಇಂದು ಕಂಪ್ಯೂಟರು, ಒಂದು ಸಣ್ಣ ಮುದ್ರಣಪೆಟ್ಟಿಗೆ ಮತ್ತು ಮೈಕು ಇದ್ದರೆ ಮನೆಯಲ್ಲಿಯೇ ವಾದನವನ್ನು ಮುದ್ರಿಸಿಕೊಳ್ಳಬಹುದು. ಆದರೆ ಹಾಗೆ ಮುದ್ರಿಸಿಕೊಂಡ ಅನೇಕ ವಿದ್ಯಾರ್ಥಿಗಳು ತಮ್ಮ ವಾದನವನ್ನು ಕೇಳಿ ಎದೆಗುಂದುತ್ತಾರೆ. ಅಲ್ಲಿ ಕೇಳಿಬರುವ ದೋಷ ಕೈಯದೋ ಯಂತ್ರದ್ದೋ ಎಂಬುದು ತಿಳಿಯದೆ, ಇಲ್ಲದ ತಪ್ಪನ್ನು ತಿದ್ದಲು ತಿಂಗಳುಗಟ್ಟಲೆ ಶ್ರಮಿಸುವವರೂ ಉಂಟು. ಇರುವ ತಪ್ಪನ್ನು ಯಂತ್ರದ ಮೇಲೆ ಹೊರಿಸಿ ಸುಮ್ಮನಾಗುವವರೂ ಉಂಟು. ಇವೆರಡನ್ನು ಬೇರ್ಪಡಿಸಿ ಅರಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ವೀಣೆಗೆ ಮೆಟ್ಟಿಲುಗಳಿವೆ. ಬೆರಳು ಮೆಟ್ಟಿಲಿನ ಮೇಲೆ ನಿಂತರೆ ಸ್ವರಸ್ಥಾನ ಬಹುಮಟ್ಟಿಗೆ ಸಿದ್ಧವಾಗಿಯೇ ದೊರೆಯುತ್ತದೆ. ಸ್ಟೀಲ್ ಗಿಟಾರಿನಲ್ಲಿ ಸ್ವರಸ್ಥಾನಗಳಿಗೆ ಗೆರೆಗಳಿರಬಹುದು. ಅವು ಕಣ್ಣಿಗೆ ಗುರುತು ಮಾತ್ರ. ತಂತಿ ಆ ಗೆರೆಯನ್ನು ಮುಟ್ಟುವುದೇ ಇಲ್ಲ. ಸಲಾಕೆ ಕೂದಲೆಳೆಯಷ್ಟು ಹಿಂದೆ ನಿಂತರೂ ಸ್ವರ ಇಳಿಯುತ್ತದೆ. ನಮ್ಮ ಗೋಟುವಾದ್ಯವೂ ಹೀಗೆಯೇ. ಇಂತಹ ವಾದ್ಯಗಳಲ್ಲಿ ಕಿವಿಯೇ ಮೆಟ್ಟಿಲು. ಆದುದರಿಂದ, ನುಡಿಸುವಾಗ ವಾದಕನ ಕಿವಿಗೆ ಏನು ತಲುಪುತ್ತದೆ ಎಂಬುದು ಮೈಕಿಗೆ ಏನು ತಲುಪುತ್ತದೆ ಎಂಬುದಕ್ಕಿಂತ ಮೊದಲು ಯೋಚಿಸಬೇಕಾದ ವಿಷಯ. ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ನಮ್ಮ ಹಿರಿಯರು ಕರೆದರು. ಮುದ್ರಣದ ಸಲಕರಣೆಗಳು ಈ ಇಬ್ಬರನ್ನೂ ವಾದಕನಿಂದ ಅಗಲಿಸದಂತೆ ನೋಡಿಕೊಳ್ಳಬೇಕು.

ಮೊದಲು ಶ್ರುತಿಯ ಮಾತು. ಮುದ್ರಣ ಕಾಲದಲ್ಲಿ ತಂಬೂರಿಯ ನಾದವನ್ನಾಗಲಿ ಪಕ್ಕವಾದ್ಯವನ್ನಾಗಲಿ ಕಿವಿಗೆ ತೊಡುವ ಹೆಡ್‌ಫೋನಿನಲ್ಲಿ ಕೇಳಬೇಕಾಗುತ್ತದೆ. ಕಿವಿಯನ್ನು ಪೂರ್ತಿಯಾಗಿ ಮುಚ್ಚುವ ಬಗೆಯದೇ ಲೇಸು; ಇಲ್ಲವಾದರೆ ಅದರಿಂದ ಸೋರುವ ಸದ್ದನ್ನು ಮೈಕು ಹಿಡಿಯುತ್ತದೆ. ಸದ್ದನ್ನು ಅತಿಯಾಗಿ ಏರಿಸಬಾರದು. ಬಹಳ ಜೋರಾಗಿ ಕೇಳುವಾಗ ಸ್ವರದ ಎತ್ತರವನ್ನು ಕಿವಿ ಸರಿಯಾಗಿ ನಿರ್ಣಯಿಸಲಾರದು. ಪಕ್ಕವಾದ್ಯಗಳನ್ನು ಕುಗ್ಗಿಸಿ, ತಂಬೂರಿಯನ್ನೂ ನಿಮ್ಮ ವಾದ್ಯವನ್ನೂ ಸ್ಪಷ್ಟವಾಗಿ ಇಟ್ಟುಕೊಳ್ಳಿ. ಸ್ಟೀಲ್ ಗಿಟಾರಿಗೆ ಪ್ರತಿಧ್ವನಿಯ ಲೇಪ ಶೋಭೆ ಕೊಡುವುದು ನಿಜ. ಆದರೆ ಲೇಪ ದಟ್ಟವಾದರೆ ಹಿಂದಿನ ಸ್ವರದ ನೆರಳು ಮುಂದಿನ ಸ್ವರದ ಮೇಲೆ ಬಿದ್ದು ಅಪಸ್ವರವನ್ನು ಮುಚ್ಚಿಬಿಡುತ್ತದೆ. ಕಿವಿಗೆ ಹಿತವಾಗುವಷ್ಟು ಪ್ರತಿಧ್ವನಿಯನ್ನು ಹೆಡ್‌ಫೋನಿನಲ್ಲಿ ಕೇಳಿರಿ. ಮುದ್ರಣವನ್ನು ಮಾತ್ರ ಲೇಪವಿಲ್ಲದೆ ಮಾಡಿಕೊಳ್ಳಿ. ಆ ಅಲಂಕಾರವನ್ನು ಅನಂತರ ಸೇರಿಸಬಹುದು. ಒಮ್ಮೆ ಮುದ್ರಿತವಾದುದನ್ನು ತೆಗೆಯುವುದು ಕಷ್ಟ.

ಇನ್ನು ಲಯದ ಮಾತು. ಕಂಪ್ಯೂಟರು ಧ್ವನಿಯನ್ನು ಸಂಖ್ಯೆಗಳಾಗಿ ಮಾರ್ಪಡಿಸಿ ಕಂತುಕಂತಾಗಿ ಸಾಗಿಸುತ್ತದೆ. ಸೆಕೆಂಡಿಗೆ ೪೮,೦೦೦ ಮಾದರಿಗಳನ್ನು ತೆಗೆದುಕೊಳ್ಳುವಾಗ ಒಂದು ಕಂತಿನಲ್ಲಿ ೧,೦೨೪ ಮಾದರಿಗಳಿದ್ದರೆ, ಆ ಕಂತು ತುಂಬಲು ಸುಮಾರು ೨೧ ಮಿಲಿಸೆಕೆಂಡು ಹಿಡಿಯುತ್ತದೆ. ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅದರ ಎರಡರಷ್ಟಾದರೂ ವಿಳಂಬವಾಗುತ್ತದೆ. ಗಾಳಿಯಲ್ಲಿ ಶಬ್ದವು ೩ ಮಿಲಿಸೆಕೆಂಡಿಗೆ ಸುಮಾರು ಒಂದು ಮೀಟರು ಚಲಿಸುತ್ತದೆ. ಆ ಲೆಕ್ಕದಲ್ಲಿ, ನಿಮ್ಮ ತೊಡೆಯ ಮೇಲಿನ ವಾದ್ಯವೇ ೧೪ ಮೀಟರು ದೂರದಲ್ಲಿ ಯಾರೋ ನುಡಿಸುತ್ತಿರುವಂತೆ ನಿಮಗೆ ಕೇಳುತ್ತದೆ! ಕಿವಿಯನ್ನು ನಂಬಿ ಸಲಾಕೆಯನ್ನು ನಿಲ್ಲಿಸುವವನಿಗೆ ಇದಕ್ಕಿಂತ ತೊಡಕು ಬೇರಿಲ್ಲ. ಸ್ವರ ಬಂದಿತೆಂದು ಕೇಳುವ ಹೊತ್ತಿಗೆ ಕೈ ಮುಂದೆ ಸಾಗಿರುತ್ತದೆ. ಕಂತನ್ನು ೧೨೮ ಮಾದರಿಗಳಿಗೆ ಇಳಿಸಿದರೆ ವಿಳಂಬ ಬಹಳ ಕಡಿಮೆಯಾಗುತ್ತದೆ. ಇನ್ನೂ ಉತ್ತಮವಾದ ಉಪಾಯವೆಂದರೆ, ಕಂಪ್ಯೂಟರನ್ನು ಸುತ್ತಿ ಬರದೆ ಪೆಟ್ಟಿಗೆಯಿಂದಲೇ ನೇರವಾಗಿ ಕೇಳುವುದು. ಈಗಿನ ಮುದ್ರಣಪೆಟ್ಟಿಗೆಗಳಲ್ಲಿ ಬಹುತೇಕ ಎಲ್ಲಕ್ಕೂ ಆ ಅನುಕೂಲವಿದೆ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ವಿಳಂಬವು ೧೦೦ ಮಿಲಿಸೆಕೆಂಡನ್ನು ಮೀರುವುದು ಸಾಮಾನ್ಯ. ಈ ಕೆಲಸಕ್ಕೆ ಅವು ಬೇಡವೇ ಬೇಡ.

ಕಿವಿಯ ವ್ಯವಸ್ಥೆ ಆದ ಮೇಲೆ ಧ್ವನಿಯನ್ನು ಹಿಡಿಯುವ ಬಗೆಯನ್ನು ನೋಡೋಣ. ವಿದ್ಯುತ್ ಗಿಟಾರಿನಲ್ಲಿ ತಂತಿಗಳ ಕೆಳಗೆ ಅಯಸ್ಕಾಂತವೂ ತಂತಿಸುರುಳಿಯೂ ಸೇರಿದ ಪಿಕಪ್ ಎಂಬ ಭಾಗವಿದೆ. ಅದರಿಂದ ಹೊರಡುವ ವಿದ್ಯುತ್ತು ಬಹು ದುರ್ಬಲ. ಅದನ್ನು ಸಾಮಾನ್ಯ ಕಿಂಡಿಗೆ ಜೋಡಿಸಿದರೆ ಮೇಲಿನ ಸ್ವರಗಳ ಹೊಳಪು ಮಂಕಾಗುತ್ತದೆ. ಗಿಟಾರಿಗೆಂದೇ ಇರುವ, ಸುಮಾರು ೧೦ ಲಕ್ಷ ಓಂ ಪ್ರತಿರೋಧದ ಕಿಂಡಿಗೆ ಜೋಡಿಸಬೇಕು. ಎರಡನೆಯ ದಾರಿ, ಆಂಪ್ಲಿಫೈಯರಿನ ಸ್ಪೀಕರಿನ ಮುಂದೆ ಐದಾರು ಸೆಂಟಿಮೀಟರು ದೂರದಲ್ಲಿ ಮೈಕನ್ನು ಇಡುವುದು. ಸ್ಪೀಕರಿನ ನಡುವಿಗೆ ಇಟ್ಟರೆ ಧ್ವನಿ ಚುರುಕು, ಅಂಚಿನ ಕಡೆಗೆ ಸರಿಸಿದರೆ ಮೃದು. ದೊಡ್ಡ ಸ್ಟುಡಿಯೋಗಳಲ್ಲಿ ಎರಡನ್ನೂ ಏಕಕಾಲದಲ್ಲಿ ಬೇರೆಬೇರೆ ಪಥಗಳಲ್ಲಿ ಮುದ್ರಿಸಿಕೊಳ್ಳುತ್ತಾರೆ. ಮೋಹನವೀಣೆಯಂತಹ ವಿದ್ಯುತ್ತಿಲ್ಲದ ವಾದ್ಯಕ್ಕಾದರೋ ಮೈಕನ್ನು ಒಂದೆರಡು ಅಡಿ ದೂರದಲ್ಲಿ, ನಾದರಂಧ್ರಕ್ಕೆ ನೇರವಾಗಿ ಎದುರಾಗದಂತೆ ಇಡಬೇಕು. ತೀರ ಹತ್ತಿರವಾದರೆ ಸಲಾಕೆ ತಂತಿಗೆ ಉಜ್ಜುವ ಸದ್ದೇ ಮುಂದಾಗುತ್ತದೆ.

ಈ ವಾದ್ಯದ ಜೀವವಿರುವುದು ಸ್ವರದ ಬಾಲದಲ್ಲಿ. ಮೀಟಿದ ಸ್ವರ ಕುಗ್ಗುತ್ತಿದ್ದಂತೆ ವಾದಕನು ಕಾಲಿನ ಪೆಡಲನ್ನು ಒತ್ತಿ ಅದನ್ನು ಎತ್ತಿಹಿಡಿಯುತ್ತಾನೆ. ಆಗ ಸ್ವರದೊಡನೆ, ಅದುವರೆಗೆ ಅಡಗಿದ್ದ ಗೊರಗೊರ ಸದ್ದೂ ಮೇಲೇಳುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು; ಆ ಸದ್ದು ೫೦ ಮತ್ತು ಅದರ ಗುಣಕಗಳಲ್ಲಿ ಕೇಳಿಬರುತ್ತದೆ. ವಾದ್ಯದೊಡನೆ ಕುಳಿತು ಮೆಲ್ಲಗೆ ದಿಕ್ಕು ತಿರುಗಿಸುತ್ತ ಹೋದರೆ, ಒಂದು ದಿಕ್ಕಿನಲ್ಲಿ ಅದು ಬಹಳ ಇಳಿಯುತ್ತದೆ. ಅಲ್ಲಿಯೇ ಆಸನ ಹಾಕಿ. ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ಫೋನಿನ ಚಾರ್ಜರು ಇವುಗಳನ್ನು ನಿಲ್ಲಿಸಿ ನೋಡಿ. ಮೈಕಿನಲ್ಲಿ ಮುದ್ರಿಸುವವರು ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಗೋಡೆಗೆ ಜಮಖಾನೆಯನ್ನೋ ರಜಾಯಿಯನ್ನೋ ಇಳಿಬಿಟ್ಟರೆ ಕೋಣೆಯ ಮಾರ್ದನಿ ತಗ್ಗುತ್ತದೆ. ಮುದ್ರಣದ ಮಟ್ಟವನ್ನೂ ತುತ್ತತುದಿಗೆ ಏರಿಸಬೇಕಾಗಿಲ್ಲ; ಅತಿ ಜೋರಾದ ಮೀಟಿಗೂ ೧೦ ಡೆಸಿಬೆಲ್ಲಿನಷ್ಟು ಅವಕಾಶ ಉಳಿದಿರಲಿ.

ಸಲಕರಣೆ ಹೆಚ್ಚಿದಷ್ಟೂ ಮುದ್ರಣ ಉತ್ತಮವೆಂಬ ಭ್ರಮೆಗೆ ಒಂದು ಉತ್ತರ ಇದೆ. ೧೯೯೨ರಲ್ಲಿ ಅಮೆರಿಕದ ಸಾಂತಾ ಬಾರ್ಬರಾ ನಗರದ ಒಂದು ಪ್ರಾರ್ಥನಾ ಮಂದಿರದಲ್ಲಿ ವಿಶ್ವಮೋಹನ ಭಟ್ಟರು ಮೋಹನವೀಣೆಯನ್ನೂ ರೈ ಕೂಡರ್ ಅವರು ಗಿಟಾರನ್ನೂ ಒಟ್ಟಿಗೆ ಕುಳಿತು ನುಡಿಸಿದರು. ಕವಿಚಂದ್ರನ್ ಅಲೆಗ್ಸಾಂಡರ್ ಅವರು ಅದನ್ನು ಬ್ಲುಮ್‌ಲೈನ್ ಎಂಬ ಜೋಡಿ ಮೈಕಿನ ಕ್ರಮದಿಂದ ಟೇಪಿಗೆ ಮುದ್ರಿಸಿದರು. ಒಬ್ಬರ ನಾದ ಇನ್ನೊಬ್ಬರ ಕಿವಿಗೆ ಗಾಳಿಯಲ್ಲಿಯೇ ತಲುಪುತ್ತಿದ್ದಿತು. ‘ಎ ಮೀಟಿಂಗ್ ಬೈ ದಿ ರಿವರ್’ ಎಂಬ ಆ ಧ್ವನಿಮುದ್ರಿಕೆಗೆ ೧೯೯೪ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಮನೆ ಎಂಬುದೂ ಕೀಳರಿಮೆಗೆ ಕಾರಣವಾಗಬೇಕಿಲ್ಲ. ೧೯೩೫ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ರೇಡಿಯೋ ಪ್ರಸಾರವನ್ನು ಆರಂಭಿಸಿದ್ದು ತಮ್ಮ ಮನೆಯಿಂದಲೇ ಅಲ್ಲವೆ?

ಕಡೆಯದಾಗಿ, ಕೈಯ ತಪ್ಪನ್ನೂ ಯಂತ್ರದ ತಪ್ಪನ್ನೂ ಬೇರ್ಪಡಿಸುವ ಪರೀಕ್ಷೆ. ತಂಬೂರಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಸಲಾಕೆಯನ್ನು ಮುಟ್ಟಿಸದೆ ಪ್ರತಿಯೊಂದು ಬಿಡಿ ತಂತಿಯನ್ನೂ ಮೀಟಿ ಮುದ್ರಿಸಿ. ಅನಂತರ ಸಲಾಕೆಯಿಂದ ಅದೇ ಸ್ವರಗಳನ್ನು ನಿಧಾನವಾಗಿ ನುಡಿಸಿ. ಕೊನೆಗೆ ಕಂಪ್ಯೂಟರಿನ ತಾಳದ ಸದ್ದಿಗೆ ಸರಿಯಾಗಿ ಹತ್ತು ಸಲ ಮೀಟಿ. ಮರುದಿನ, ಕಿವಿ ತಣಿದ ಮೇಲೆ, ತಂಬೂರಿಯೊಡನೆ ಕೇಳಿರಿ. ಬಿಡಿ ತಂತಿಯೇ ಶ್ರುತಿ ತಪ್ಪಿದ್ದರೆ ಬಿರಡೆಯನ್ನು ತಿರುಗಿಸಬೇಕು, ಮನಸ್ಸನ್ನು ನೋಯಿಸಿಕೊಳ್ಳಬೇಕಾದುದಿಲ್ಲ. ಹತ್ತು ಮೀಟೂ ಒಂದೇ ಸಮನಾಗಿ ಹಿಂದೆ ಬಿದ್ದಿದ್ದರೆ ಬಹುಮಟ್ಟಿಗೆ ಯಂತ್ರದ ವಿಳಂಬ. ಒಂದು ಹಿಂದೆ ಒಂದು ಮುಂದೆ ಆಗಿದ್ದರೆ ಕೈಯದು. ಬಿಡಿ ತಂತಿ ಶುದ್ಧವಾಗಿದ್ದು, ಹೆಡ್‌ಫೋನಿನ ಏರ್ಪಾಡೂ ಮೇಲೆ ಹೇಳಿದಂತಿದ್ದು, ಸಲಾಕೆಯ ಸ್ವರ ಮಾತ್ರ ತಪ್ಪಿದ್ದರೆ ಅದು ನಿಮ್ಮದೇ ಕೈಯ ತಪ್ಪು. ಅದು ಸಾಧನೆಯಿಂದ ತಿದ್ದಿಹೋಗುವಂಥದು. ಸಲಾಕೆಯನ್ನು ಎತ್ತಿಕೊಂಡು ಆ ಒಂದೇ ಸ್ವರವನ್ನು ತಂಬೂರಿಯೊಡನೆ ಮತ್ತೆ ಮತ್ತೆ ನುಡಿಸಿರಿ.