ಡಾಂಬರಿನ ಮೇಲೆ ಹಾವಿನ ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಯಾವ ಯಾವ ಹಾವುಗಳು ಎಷ್ಟೆಷ್ಟಿವೆ ಎಂಬ ಪ್ರಶ್ನೆಗೆ ಹಗಲಿನಲ್ಲಿ ಉತ್ತರ ಸಿಗುವುದಿಲ್ಲ. ಹಗಲು ಕಣ್ಣಿಗೆ ಬೀಳುವುದು ಹೆಚ್ಚಾಗಿ ಕೇರೆ, ಆಗೊಮ್ಮೆ ಈಗೊಮ್ಮೆ ನಾಗರ. ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಮಣ್ಣುಮುಕ್ಕ ಇವೆಲ್ಲ ಬಂಡೆಯ ಸಂದಿನಲ್ಲೋ ಇಲಿಬಿಲದಲ್ಲೋ ಬೇಲಿಯ ಬುಡದಲ್ಲೋ ಅಡಗಿದ್ದು, ಸಾಮಾನ್ಯವಾಗಿ ಕತ್ತಲಾದ ಮೇಲೆ ಮೇವಿಗೆ ಹೊರಡುತ್ತವೆ. ಕುರುಚಲು ಗಿಡಗಳ ನಡುವೆ ಅವನ್ನು ಹುಡುಕುವುದು ಬಲು ಕಷ್ಟ, ಬೋಳು ರಸ್ತೆಯ ಮೇಲೆ ಸುಲಭ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ವಿದ್ಯುತ್ ಎಂಜಿನಿಯರ್ ಆಗಿದ್ದ ಲಾರೆನ್ಸ್ ಕ್ಲಾಬರ್ ಮರುಭೂಮಿಯ ರಸ್ತೆಗಳಲ್ಲಿ ರಾತ್ರಿ ಕಾರು ಓಡಿಸಿ ಹಾವುಗಳನ್ನು ಎಣಿಸಿದರು. 1939ರಲ್ಲಿ ಅವರ ಅಧ್ಯಯನ ಪ್ರಕಟವಾಯಿತು. ಅಪರೂಪವೆಂದುಕೊಂಡಿದ್ದ ಕೆಲವು ಹಾವುಗಳು ಅಪರೂಪವೇನಲ್ಲ, ಹುಡುಕುವವರು ತಪ್ಪು ಹೊತ್ತಿನಲ್ಲಿ ಹುಡುಕುತ್ತಿದ್ದರು ಎಂಬುದು ಆಗ ಗೊತ್ತಾಯಿತು. ರಾತ್ರಿಯ ರಸ್ತೆ ನಿಜಕ್ಕೂ ಒಂದು ಅಳತೆಯ ಉಪಕರಣ. ಆದರೆ ಅದರ ದೋಷವೇನೆಂದು ತಿಳಿದು ಬಳಸಿದರೆ ಮಾತ್ರ ಅದು ಕೊಡುವ ಲೆಕ್ಕಕ್ಕೆ ಬೆಲೆ.

ಮೊದಲ ದೋಷ ನಮ್ಮ ನಂಬಿಕೆಯಲ್ಲೇ ಇದೆ. ಹಾವು ಬೆಚ್ಚಗಿರಲು ಡಾಂಬರಿಗೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ: ಕಪ್ಪು ರಸ್ತೆ ಹಗಲಿಡೀ ಬಿಸಿಲು ಹೀರಿಕೊಂಡು, ಅಕ್ಕಪಕ್ಕದ ಮಣ್ಣು ತಣಿದ ಮೇಲೂ ಕೆಲವು ಗಂಟೆ ಕಾವು ಉಳಿಸಿಕೊಳ್ಳುತ್ತದೆ. ಆದರೆ ಕಾವೊಂದೇ ಕಾರಣವಾಗಿದ್ದರೆ ಚಳಿಗಾಲದ ರಾತ್ರಿಗಳಲ್ಲಿ ರಸ್ತೆ ತುಂಬ ಹಾವುಗಳಿರಬೇಕಿತ್ತು. ಆಗುವುದು ಬೇರೆ. ಮುಂಗಾರಿನ ಮೊದಲ ಹದಮಳೆ ಬಿದ್ದು ರಸ್ತೆ ತಣ್ಣಗಾದ ರಾತ್ರಿಯಲ್ಲೇ ಓಡಾಟ ಹೆಚ್ಚು. ಹೊಂಡಗಳಲ್ಲಿ ಕಪ್ಪೆ ವಟಗುಟ್ಟುತ್ತವೆ, ಹುಳಹುಪ್ಪಟೆ ಏಳುತ್ತವೆ, ಅವುಗಳ ಬೆನ್ನಿಗೇ ಬೇಟೆಗಾರ ಪ್ರಾಣಿಗಳು. ಹಾಗಾಗಿ ಬಹುಪಾಲು ಹಾವುಗಳಿಗೆ ರಸ್ತೆ ಒಲೆಯಲ್ಲ, ಹೊಲದಿಂದ ಹೊಲಕ್ಕೆ ಹೋಗುವಾಗ ಅಡ್ಡ ಸಿಗುವ ಪಟ್ಟಿ. ರಸ್ತೆಯಲ್ಲಿ ಹತ್ತು ಕಂಡರೆ ಹಾವು ಹೆಚ್ಚಾಗಿವೆ ಎಂದಲ್ಲ, ಆ ರಾತ್ರಿ ಅವು ಹೆಚ್ಚು ನಡೆದಾಡಿವೆ ಎಂದಷ್ಟೇ ಅರ್ಥ.

ಎರಡನೆಯ ದೋಷ ನೋಡುವ ಕಣ್ಣಿನದು. ಗರಗಸಮಂಡಲ ಈ ಸೀಮೆಯಲ್ಲಿ ಒಂದಡಿಯ ಆಸುಪಾಸಿನ ಮಣ್ಣುಬಣ್ಣದ ಹಾವು. ದೀಪದ ಬೆಳಕಿನಲ್ಲಿ ಅದು ಹದಿನೈದು ಮೀಟರ್ ದೂರದಿಂದ ಕಂಡಿತು ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಆ ದೂರವನ್ನು ಒಂದು ಸೆಕೆಂಡಿನೊಳಗೆ ದಾಟುತ್ತದೆ, 20 ಕಿ.ಮೀ. ವೇಗದಲ್ಲಿ ಸುಮಾರು ಮೂರು ಸೆಕೆಂಡು ಸಿಗುತ್ತದೆ. ಹಾವು ಬದುಕುವುದೂ ಲೆಕ್ಕಕ್ಕೆ ಸೇರುವುದೂ ಈ ಎರಡು ಸೆಕೆಂಡಿನ ಅಂತರದಲ್ಲಿ. ಕಾಡುಪಾಪ, ನತ್ತಿಂಗಗಳ ಕಣ್ಣಿನೊಳಗೆ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದೆ. ಟಾರ್ಚ್ ಬಿದ್ದರೆ ಕೆಂಡದಂತೆ ಹೊಳೆದು ದೂರದಿಂದಲೇ ಗುರುತು ಹೇಳುತ್ತವೆ. ಹಾವಿನ ಕಣ್ಣಿಗೆ ಆ ಪದರವಿಲ್ಲ. ಮೈಮೇಲೆ ತೆಳು ಬಿಳಿಗೆರೆಗಳಿರುವ ಕಪ್ಪು ಕಟ್ಟುಹಾವು, ಕಿತ್ತುಬಿದ್ದ ಟೈರಿನ ಪಟ್ಟಿಯಂತೆ ಸುಮ್ಮನೆ ಬಿದ್ದಿರುತ್ತದೆ. ಕೆಣಕಿದರೆ ಎಷ್ಟೋ ಸಲ ಓಡದೆ, ಸುರುಳಿಯೊಳಗೆ ತಲೆ ಮುಚ್ಚಿಕೊಳ್ಳುತ್ತದೆ.

ಹುಡುಕುವವರ ಗಾಡಿಯೇ ಹಾವನ್ನು ಕೊಲ್ಲುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದ್ದರಿಂದಲೇ ನಿಧಾನವೆಂಬುದು ಇಲ್ಲಿ ಶಿಷ್ಟಾಚಾರದ ಮಾತಲ್ಲ, ವಿಧಾನದ ಮೊದಲ ನಿಯಮ. ಮಳೆಯ ರಾತ್ರಿ ಕಾಲ್ನಡಿಗೆಯೇ ಮೇಲು. ಮಣ್ಣುಮುಕ್ಕ ಅದೃಷ್ಟ ತರುತ್ತದೆಂಬ ಮೂಢನಂಬಿಕೆಯಿಂದ ಅದನ್ನು ಹಿಡಿದು ಮಾರುವ ಜಾಲಕ್ಕೆ ಇಂಥ ಮಾಹಿತಿ ನೆರವಾದೀತು ಎಂಬ ಭಯವೂ ಸುಳ್ಳಲ್ಲ. ಅದಕ್ಕೆ ಉತ್ತರವೂ ಇದೆ: ತಾಲ್ಲೂಕು ಮತ್ತು ತಿಂಗಳಷ್ಟನ್ನೇ ಬಹಿರಂಗಪಡಿಸಿ, ಜಾಗವನ್ನು ಗುಟ್ಟಾಗಿಡಬೇಕು. ಹಾವನ್ನು ಮುಟ್ಟುವ, ಹಿಡಿದು ಫೋಟೊ ತೆಗೆಸಿಕೊಳ್ಳುವ ಅಗತ್ಯ ಎಣಿಕೆಗೆ ಇಲ್ಲವೇ ಇಲ್ಲ. ಸತ್ತ ಹಾವುಗಳನ್ನು ಬೆಳಿಗ್ಗೆ ಎಣಿಸಿದರೆ ಸಾಲದೇ ಎಂದರೆ, ಸಾಲದು. ನರಿ, ನಾಯಿ, ಕಾಗೆಗಳು ಅಷ್ಟರಲ್ಲಿ ಎಷ್ಟೋ ಕಳೇಬರಗಳನ್ನು ಎತ್ತಿಕೊಂಡು ಹೋಗಿರುತ್ತವೆ.

ಇಷ್ಟೆಲ್ಲ ಯಾಕೆ ಎಂಬುದಕ್ಕೆ ಉತ್ತರ ಹೊಲದಲ್ಲಿದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ಆದೇಶ ಹೊರಡಿಸಿತು. ಆಸ್ಪತ್ರೆಯ ವರದಿ ಕಡಿತವಾದ ಮೇಲಿನ ಲೆಕ್ಕ, ರಸ್ತೆಯ ವರದಿ ಅದಕ್ಕೆ ಮುಂಚಿನದು. ಆದರೆ ಕಂಡದ್ದನ್ನಷ್ಟೇ ಬರೆದರೆ ಅದು ಸುದ್ದಿ. ಎಷ್ಟು ಕಿಲೋಮೀಟರ್, ಎಷ್ಟು ಗಂಟೆ, ಎಷ್ಟು ಉಷ್ಣಾಂಶ, ಮಳೆ ಬಿದ್ದು ಎಷ್ಟು ದಿನ ಎಂಬುದರ ಜೊತೆಗೆ, ಏನೂ ಕಾಣದ ರಾತ್ರಿಯನ್ನೂ ಬರೆದಿಟ್ಟಾಗ ಅದು ವಿಜ್ಞಾನ. ಹಾಗೆ ನಾಲ್ಕಾರು ವರ್ಷ ಬರೆದಿಟ್ಟರೆ, ಕೊಳಕುಮಂಡಲ ಯಾವ ವಾರ ಓಡಾಡುತ್ತದೆ ಎಂಬುದನ್ನು ಮುಂಚೆಯೇ ಹೇಳಬಹುದು. ರಾತ್ರಿ ತ್ರೀಫೇಸ್ ಕರೆಂಟು ಬಂತೆಂದು ಎದ್ದು, ಬರಿಗಾಲಲ್ಲಿ ಕಡಲೆಕಾಯಿ ಹೊಲ ದಾಟಿ ಮೋಟರ್ ಹಾಕಲು ಹೋಗುವ ಪಾವಗಡದ ರೈತನಿಗೆ, ಈ ವಾರ ಟಾರ್ಚು, ಬೂಟು ಮರೆಯಬೇಡ ಎಂದು ಹೇಳಲು ನಮ್ಮ ಕೈಯಲ್ಲಿ ಆಗ ಆಧಾರವಿರುತ್ತದೆ.